ಇಷ್ಟವಿಲ್ಲದ ನರ್ಸಿಂಗ್ ಕೆಲಸ, ಮನಸ್ಸಿನ ಭಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಭಟ್ಕಳದಿಂದ ಕಾರವಾರದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಸಿಸ್ಟರ್‌ಗಳು, ಬ್ರದರ್‌ಗಳು ಈ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಕೆಲವರು ಡ್ಯೂಟಿ ಮುಗಿಸಿ ಬಸ್ ಕಾಯುವಾಗ ಕೇಳುತ್ತಾರೆ, ಕೆಲವರು ಅಳುತ್ತಾ ಫೋನ್ ಮಾಡುತ್ತಾರೆ. ಈ ಉತ್ತರ ಕನ್ನಡ ಜಿಲ್ಲೆಯ ವಾರ್ಡುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳಾಗಿ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ. ನಿಮಗೆ ನಿಜವಾಗಿ ಯಾವುದು ಇಷ್ಟವಿಲ್ಲ ಅನ್ನುವುದು ಗೊತ್ತಾಗುವ ತನಕ ಸಹಿಸಿಕೊಂಡು ಇರುವ ತೀರ್ಮಾನವೂ ಬೇಡ, ಬಿಟ್ಟು ಹೋಗುವ ತೀರ್ಮಾನವೂ ಬೇಡ.

ನನಗೆ ಈ ಕೆಲಸ ಇಷ್ಟವೇ ಇಲ್ಲ. ನರ್ಸ್ ಆಗಿ ಹೀಗೆ ಅನ್ನಿಸೋದು ತಪ್ಪಲ್ವಾ?

ತಪ್ಪಲ್ಲ. ನಮ್ಮಲ್ಲಿ ಎಷ್ಟು ಜನ ತಾವೇ ಬಯಸಿ ಈ ಕೆಲಸಕ್ಕೆ ಬಂದವರು ಹೇಳಿ? ಪಿಯುಸಿಯಲ್ಲಿ ಸೈನ್ಸ್ ತಗೊಂಡಾಗಿತ್ತು. ಎಂಬಿಬಿಎಸ್‌ಗೆ ಅಂಕ ಸಾಲಲಿಲ್ಲ, ದುಡ್ಡಂತೂ ಇರಲಿಲ್ಲ. "ನರ್ಸಿಂಗ್ ಮಾಡಿಸಿ, ಕೆಲಸಕ್ಕೆ ತೊಂದರೆ ಇಲ್ಲ" ಎಂದು ಮಾವನೋ ಚಿಕ್ಕಪ್ಪನೋ ಹೇಳಿದರು, ಅಪ್ಪ ಫೀಸು ಕಟ್ಟಿ ಬಂದರು. ಹದಿನೆಂಟರಲ್ಲಿ ಬೇರೆಯವರು ಆರಿಸಿದ ಕೆಲಸ ಇಪ್ಪತ್ತಾರರಲ್ಲಿ ಒಗ್ಗದೇ ಹೋದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಬಯಸಿಯೇ ಬಂದವರಿಗೂ ಬೇಸರ ಬರುತ್ತದೆ, ಅದು ಬೇರೆ ಮಾತು.

ಇಷ್ಟವಿಲ್ಲದೆಯೂ ಕೆಲಸವನ್ನು ಚೆನ್ನಾಗಿ ಮಾಡಬಹುದು. ಹೊತ್ತಿಗೆ ಸರಿಯಾಗಿ ಮಾತ್ರೆ, ಒಣ ಹಾಸಿಗೆ, ಕೇಳಿದ್ದಕ್ಕೆ ಒಂದು ಸಮಾಧಾನದ ಉತ್ತರ. ರೋಗಿಗೆ ನಿಮ್ಮಿಂದ ಬೇಕಾದದ್ದು ಇಷ್ಟು. ಅದನ್ನು ಕೊಡುತ್ತಿದ್ದೀರಿ ಅಂದ ಮೇಲೆ ನಿಮ್ಮನ್ನು ನೀವೇ ಕೆಟ್ಟ ನರ್ಸ್ ಅಂದುಕೊಳ್ಳಬೇಡಿ. ಆದರೆ ಬೇಸರವನ್ನು ಒಳಗೇ ಅದುಮಿಟ್ಟು ನಗುತ್ತಾ ಓಡಾಡುವುದಿದೆಯಲ್ಲ, ಅದು ವಾರ್ಡಿನ ಕೆಲಸಕ್ಕಿಂತ ಜಾಸ್ತಿ ಸುಸ್ತು ಮಾಡುತ್ತದೆ. ನಂಬಿಕೆಯ ಒಬ್ಬರ ಹತ್ತಿರವಾದರೂ ಬಾಯಿಬಿಟ್ಟು ಹೇಳಿ.

ಏನು ಇಷ್ಟವಿಲ್ಲ ಅಂತ ಕಂಡುಹಿಡಿಯೋದು ಹೇಗೆ? ನನಗೆ ಎಲ್ಲಾನೂ ಸಾಕಾಗಿದೆ.

ಎರಡು ಮೂರು ವಾರ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಡ್ಯೂಟಿ ಮುಗಿದ ಮೇಲೆ ಎರಡೇ ಸಾಲು ಬರೆಯಿರಿ. ಇವತ್ತು ಯಾವ ಹೊತ್ತು ತುಂಬಾ ಕಷ್ಟ ಆಯಿತು? ಯಾವ ಹೊತ್ತು ಪರವಾಗಿಲ್ಲ ಅನ್ನಿಸಿತು? ರೋಗಿಗಳ ಹೆಸರು ಬರೆಯಬೇಡಿ. ಎರಡನೇ ಸಾಲನ್ನು ಬಿಡಬೇಡಿ, ದಾರಿ ಸಿಗುವುದು ಹೆಚ್ಚಾಗಿ ಅದರಲ್ಲೇ.

ಆಮೇಲೆ ಒಟ್ಟಿಗೆ ಓದಿ ನೋಡಿ. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಇರುವವರ ನೋಟ್‌ಬುಕ್ಕಿನಲ್ಲಿ ನರ್ಸಿಂಗ್ ಕೆಲಸದ ಬಗ್ಗೆ ದೂರೇ ಇರುವುದಿಲ್ಲ. ಬಿಲ್ ಬರೆದದ್ದು, ಫೋನ್ ಎತ್ತಿದ್ದು, ಔಷಧಿ ಅಂಗಡಿಗೆ ಓಡಿದ್ದು, ಆಯಾ ಬರದ ದಿನ ನೆಲ ಒರೆಸಿದ್ದು, ಬರೀ ಇವೇ ಇರುತ್ತವೆ. ಇನ್ನು ಕೆಲವರಿಗೆ ಕ್ಯಾಶುವಾಲ್ಟಿಯ ಗದ್ದಲ ಆಗುವುದಿಲ್ಲ. ಅದೇ ಹುಡುಗಿ ಡಯಾಲಿಸಿಸ್ ಘಟಕಕ್ಕೆ ಹೋದರೆ ನೆಮ್ಮದಿಯಾಗಿರುತ್ತಾಳೆ. ಅಲ್ಲಿ ಅದೇ ರೋಗಿಗಳು ವಾರಕ್ಕೆ ಎರಡು ಮೂರು ಸಲ ಬರುತ್ತಾರೆ, ಹೆಸರು ಗೊತ್ತಿರುತ್ತದೆ, ಮನೆಯ ಸುದ್ದಿ ಗೊತ್ತಿರುತ್ತದೆ. ಕೆಲವರಿಗೆ ಇದಕ್ಕೆ ಉಲ್ಟಾ. ರೋಗಿಯ ಜೊತೆ ಮಾತೇ ಬೇಡ, ಆಪರೇಷನ್ ಥಿಯೇಟರಿನಲ್ಲಿ ಕೈಗೆ ಕೆಲಸ ಕೊಟ್ಟರೆ ಸಾಕು.

ಹಾಗಾಗಿ ಕೆಲಸ ಬಿಡುವ ಮೊದಲು ವಾರ್ಡ್ ಬದಲಾವಣೆ ಕೇಳಿ. ಬಾಯಿಮಾತಿಗಿಂತ ಬರೆದು ಕೊಡುವುದು ಒಳ್ಳೆಯದು. ಇಂಥ ವಾರ್ಡಿನಲ್ಲಿ ಇಷ್ಟು ಕಾಲ ಇದ್ದೇನೆ, ಇಂಥ ಕಡೆ ಮೂರು ತಿಂಗಳು ಹಾಕಿ ನೋಡಿ ಎಂದು ಎರಡು ಪ್ಯಾರಾ ಸಾಕು. "ಇಲ್ಲಿ ನನ್ನಿಂದ ಆಗಲ್ಲ" ಅನ್ನುವ ಅರ್ಜಿಗಿಂತ "ಅಲ್ಲಿ ಕಲಿಯಬೇಕು" ಅನ್ನುವ ಅರ್ಜಿ ನರ್ಸಿಂಗ್ ಸೂಪರಿಂಟೆಂಡೆಂಟರ ಮೇಜಿನ ಮೇಲೆ ಬೇಗ ಸಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಗಾಯ, ವಾಸನೆ, ಇನ್ನೊಬ್ಬರ ಮೈ ಮುಟ್ಟುವುದು ಇವೇ ದಿನಾ ಕಾಣಿಸಿದರೆ ಮಾತ್ರ ವಿಷಯ ಬೇರೆ. ಅದು ಕೆಲಸದ ಹೊಟ್ಟೆಯಲ್ಲೇ ಇರುವಂಥದ್ದು, ಯಾವ ವಾರ್ಡಿಗೆ ಹೋದರೂ ಬಿಡುವುದಿಲ್ಲ. ಅಂಥವರು ಕೊನೆಯ ಕಡೆಯ ಪ್ರಶ್ನೆಗಳನ್ನು ನೋಡಿ.

ಇದು ಬರೀ ಸುಸ್ತಾ, ಬರ್ನ್‌ಔಟಾ, ಡಿಪ್ರೆಶನ್ನಾ?

ಎರಡು ದಿನ ರಜೆ ಹಾಕಿ ಮಲಗಿ ಎದ್ದಾಗ ಹಗುರ ಆದರೆ ಅದು ಸುಸ್ತು.

ಬರ್ನ್‌ಔಟ್ ಹಾಗೆ ರಜೆಯಲ್ಲಿ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸದಿಂದ ಹುಟ್ಟುವ ಸ್ಥಿತಿ ಎಂದು ಗುರುತಿಸಿತು, ಕಾಯಿಲೆ ಎಂದಲ್ಲ. ಇದಕ್ಕೆ ಮೂರು ಗುರುತು. ಮೈಯಲ್ಲಿ ಶಕ್ತಿಯೇ ಉಳಿದಿಲ್ಲ ಅನ್ನಿಸುವುದು. ಕೆಲಸದಿಂದ ಮನಸ್ಸು ದೂರ ಸರಿದು, ರೋಗಿಯ ಮೇಲೆ ಸಿಡಿಮಿಡಿ ಆಗುವುದು. ಎಷ್ಟು ಮಾಡಿದರೂ ಏನೂ ಮಾಡಿದಂತೆ ಅನ್ನಿಸದೇ ಇರುವುದು. "ಐದನೇ ಬೆಡ್ಡಿನ ಮುದುಕ ಮತ್ತೆ ಕರೀತಾ ಇದ್ದಾನೆ" ಎಂದು ಮೊದಲು ಎಂದೂ ಆಡದ ಧಾಟಿಯಲ್ಲಿ ಮಾತು ಬಂದರೆ ಆಗಲೇ ಎಚ್ಚರಾಗಿ.

ಡಿಪ್ರೆಶನ್ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುವುದಿಲ್ಲ, ಮನೆಗೂ ಬರುತ್ತದೆ. ಮಗು ನಕ್ಕರೂ ಖುಷಿ ಇಲ್ಲ, ಹಬ್ಬ ಬಂದರೂ ಬೇಡ, ಊಟ ರುಚಿಸದು, ಬೆಳಗಿನ ಜಾವ ಎಚ್ಚರ. ಇದು ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಜೊತೆಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ. ದಿನಾ ಬೇರೆಯವರ ರಕ್ತ ತೆಗೆಯುವ ನಾವು ನಮ್ಮದನ್ನು ತೆಗೆಸುವುದೇ ಇಲ್ಲ.

ಕೆಲವು ಸಲ ಸತ್ತೇ ಹೋಗೋಣ ಅನ್ನಿಸುತ್ತೆ.

ಹಾಗಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಈಗ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಆ ಯೋಚನೆ ಬಲವಾಗಿದ್ದರೆ ಒಬ್ಬರೇ ಇರಬೇಡಿ. ಮನೆಯವರನ್ನೋ ರೂಮ್‌ಮೇಟನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ 108 ಕರೆಯಿರಿ. ಔಷಧಿಯ ಅಲಮಾರಿಯ ಕೀಲಿ ನಿಮ್ಮ ಕೈಯಲ್ಲಿದ್ದರೆ ಇವತ್ತು ಬೇರೆಯವರಿಗೆ ಕೊಡಿ. ಯಾಕೆ ಎಂದು ಹೇಳಬೇಕಾಗಿಲ್ಲ, "ಇವತ್ತು ನೀವು ಇಟ್ಕೊಳ್ಳಿ" ಅಂದರೆ ಸಾಕು.

ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಗೆ ಬಾಯಿ ಬಿಡದವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಪ್ರಾಣ ತೆಗೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಸಿಗಬೇಕಾದದ್ದು ಆರೈಕೆ.

ಮನೋವೈದ್ಯರ ಹತ್ತಿರ ಹೋದರೆ ಶಿರಸಿಯಂಥ ಊರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತೆ. ಏನು ಮಾಡಲಿ?

ಈ ಹೆದರಿಕೆ ಸುಳ್ಳಲ್ಲ. ಓಪಿಡಿ ಸಾಲಿನಲ್ಲಿ ನಿಂತರೆ ಚೀಟಿ ಬರೆಯುವವನೇ ಪರಿಚಯದವನಾಗಿರುತ್ತಾನೆ. ಮೊದಲ ಮಾತುಕತೆಗೆ ಟೆಲಿ ಮಾನಸ್ ಇದೆ, ಮುಖ ತೋರಿಸಬೇಕಾಗಿಲ್ಲ. ಎದುರು ಕೂತು ಮಾತಾಡಬೇಕು, ಆದರೆ ಊರಿನಲ್ಲಿ ಬೇಡ ಅಂದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಘಟ್ಟದ ಮೇಲಿನವರಿಗೆ ಬೆಳಿಗ್ಗೆ ಬಸ್ ಹತ್ತಿದರೆ ರಾತ್ರಿಗೆ ವಾಪಸ್. ಕರಾವಳಿಯವರಿಗೆ ಮಂಗಳೂರು, ಮಣಿಪಾಲ ಗೊತ್ತೇ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಕಾರವಾರದಲ್ಲಿದೆ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ದಿನವನ್ನು ಅಲ್ಲೇ ವಿಚಾರಿಸಿಕೊಳ್ಳಿ. ನಿಮ್ಮ ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಬೇಕು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ನಿಮ್ಮ ಆಸ್ಪತ್ರೆಯ ಆಡಳಿತದವರು ಕೇಳಿದರೂ ಡಾಕ್ಟರ್ ಹೇಳುವಂತಿಲ್ಲ.

ನೈಟ್ ಡ್ಯೂಟಿ ನನ್ನನ್ನು ಕೊಲ್ಲುತ್ತಿದೆ. ಬೇರೆಯವರು ಹೇಗೆ ಮಾಡ್ತಾರೆ?

ಅನೇಕರಿಗೆ ಕೆಲಸದ ಮೇಲೆ ಬಂದ ದ್ವೇಷದ ಅರ್ಧ ಪಾಲು ಬರೀ ನಿದ್ದೆಗೇಡು. ಅದಕ್ಕೇ ಈ ಉತ್ತರ ಉದ್ದ ಇದೆ.

ಮೊದಲು ಡ್ಯೂಟಿ ಚಾರ್ಟ್ ನೋಡಿ. ಬೆಳಿಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ನೈಟ್, ಈ ಕ್ರಮದಲ್ಲಿ ಸರಿದರೆ ಮೈ ಹೊಂದಿಕೊಳ್ಳುತ್ತದೆ. ನೈಟಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ ಹಿಂದೆ ಸರಿದರೆ ಕಷ್ಟ. ವಾರಗಟ್ಟಲೆ ಒಂದೇ ಸಮ ನೈಟ್ ಹಾಕುವುದಕ್ಕಿಂತ ಎರಡು ಮೂರು ನೈಟ್ ಆಗಿ ಆಫ್ ಸಿಕ್ಕರೆ ಒಳ್ಳೆಯದು. ಇದಕ್ಕೆ ಆಸ್ಪತ್ರೆಗೆ ಒಂದು ಪೈಸೆ ಖರ್ಚಿಲ್ಲ. ವಾರ್ಡಿನವರೆಲ್ಲ ಸೇರಿ ಇನ್‌ಚಾರ್ಜ್ ಸಿಸ್ಟರನ್ನು ಕೇಳಿ. ಒಬ್ಬರೇ ಕೇಳಿದರೆ ಸೋಮಾರಿ ಅನ್ನಿಸಿಕೊಳ್ಳುತ್ತೀರಿ.

ಮೊದಲ ನೈಟಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಹೋಗಿ. ಹೊಟ್ಟೆ ತುಂಬಾ ಊಟ ರಾತ್ರಿ ಒಂಬತ್ತರ ಒಳಗೆ ಮುಗಿಯಲಿ, ನಡುರಾತ್ರಿಗೆ ಅವಲಕ್ಕಿಯೋ ಬಾಳೆಹಣ್ಣೋ ಸಾಕು. ಚಹಾ ಕಾಫಿ ಎರಡು ಗಂಟೆಗೆ ನಿಲ್ಲಲಿ, ಇಲ್ಲದಿದ್ದರೆ ಬೆಳಿಗ್ಗೆ ನಿದ್ದೆ ಹತ್ತುವುದಿಲ್ಲ. ಮೂರರಿಂದ ಐದು ಗಂಟೆಯ ಹೊತ್ತು ಮೈ ಬೀಳುವ ಹೊತ್ತು. ಇನ್ಸುಲಿನ್, ಪೊಟ್ಯಾಶಿಯಂ, ಮಕ್ಕಳ ಡೋಸ್ ಇಂಥವನ್ನು ಆಗ ಒಬ್ಬರೇ ನೋಡಿ ಕೊಡಬೇಡಿ, ಇನ್ನೊಬ್ಬರಿಗೆ ತೋರಿಸಿ. ಇಬ್ಬರಿದ್ದರೆ ಸರದಿಯಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಇದು ಕಳ್ಳತನ ಅಲ್ಲ, ಆದರೆ ಮೊದಲೇ ಇನ್‌ಚಾರ್ಜ್ ಅವರ ಒಪ್ಪಿಗೆ ಇರಲಿ.

ಬೆಳಿಗ್ಗೆ ತೂಕಡಿಸುತ್ತಾ ಸ್ಕೂಟಿ ಓಡಿಸಬೇಡಿ. ಹೆದ್ದಾರಿ 66ರಲ್ಲಿ ಲಾರಿ ಹೇಗೆ ಬರುತ್ತವೆ ಎಂದು ಕ್ಯಾಶುವಾಲ್ಟಿಯಲ್ಲಿ ಕೂತ ನಿಮಗೆ ಹೇಳಬೇಕಾ? 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಇದೆ, ನೈಟ್ ಇರುವ ವಾರ ಬಸ್ಸಿಗೇ ಹೋಗಿ. ಮನೆಯಲ್ಲಿ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಫೋನ್ ಇನ್ನೊಂದು ಕೋಣೆಯಲ್ಲಿಡಿ. ಒಂಬತ್ತಕ್ಕೆ ಮೀನಿನವಳು ಬಾಗಿಲಿಗೆ ಬಂದು ಕೂಗುತ್ತಾಳೆ, ಕೊರಿಯರಿನವನು ಬರುತ್ತಾನೆ. ಯಾರು ಎದ್ದು ಹೋಗಬೇಕು ಎಂದು ಮನೆಯಲ್ಲಿ ಮೊದಲೇ ಹೇಳಿಟ್ಟಿರಿ.

ಮಳೆಗಾಲದ್ದು ಬೇರೆಯೇ ಕಥೆ. ಇಲಿಜ್ವರ, ಡೆಂಗಿ ಎಂದು ವಾರ್ಡ್ ತುಂಬಿರುತ್ತದೆ. ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ಮಣ್ಣು ಕುಸಿದರೆ ನಿಮ್ಮನ್ನು ಬಿಡಿಸಬೇಕಾದವರು ಬರುವುದೇ ಇಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದಾಗಿತ್ತು. ಆಸ್ಪತ್ರೆಯ ಹತ್ತಿರ ಇರುವವರನ್ನು ಇಂಥ ದಿನಗಳಿಗೆ ಗುರುತು ಮಾಡಿಟ್ಟು, ಆಮೇಲೆ ಅವರಿಗೆ ಆಫ್ ಕೊಡುವ ಪಟ್ಟಿ ಜೂನಿಗೆ ಮೊದಲೇ ಆಗಬೇಕು. ಹೊತ್ತಿಗೆ ಸರಿಯಾಗಿ ಯಾರೂ ಕೇಳುವುದಿಲ್ಲ, ನೀವು ಕೇಳಿ.

ವಾರ್ಡಿನಲ್ಲಿ ಇರುವ ನಿದ್ದೆ ಮಾತ್ರೆಯಲ್ಲೇ ಒಂದು ತಗೊಂಡರೆ ಆಗಲ್ವಾ?

ಬೇಡ. ಆಲ್ಪ್ರಜೊಲಾಂ, ಲೊರಾಜೆಪಾಂ ಕೆಲವೇ ವಾರಗಳಲ್ಲಿ ಚಟ ಹಿಡಿಸಬಲ್ಲವು. ಆಗಲೇ ದಿನಾ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರಿಗೆ ನಿಜ ಹೇಳಿ, ನಿಧಾನ ಇಳಿಸುತ್ತಾರೆ. ನೋವಿನ ಇಂಜೆಕ್ಷನ್ ಮುಟ್ಟಿದವರಿಗೂ ಇದೇ ಮಾತು.

ರೋಗಿಯ ಕಡೆಯವರು ಬಂದು ಬೈತಾರೆ. ನನ್ನ ಕೈಯಲ್ಲಿ ಇಲ್ಲದ್ದಕ್ಕೂ ನಾನೇ ಬೈಸಿಕೊಳ್ಳಬೇಕಾ?

ನಮ್ಮ ಜಿಲ್ಲೆಯಲ್ಲಿ ಈ ಬೈಗುಳಕ್ಕೆ ಒಂದು ಹಿನ್ನೆಲೆ ಇದೆ. ಕಾರವಾರದಲ್ಲಿ 2016ರಲ್ಲಿ ಮೆಡಿಕಲ್ ಕಾಲೇಜು ಶುರುವಾದರೂ ತಲೆಗೆ ಪೆಟ್ಟು, ಹೃದಯಾಘಾತ ಅಂದರೆ ಇವತ್ತಿಗೂ ಜನ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು 2022ರಲ್ಲಿ ಜಿಲ್ಲೆಯ ಜನ ದೊಡ್ಡ ದನಿ ಎತ್ತಿದ್ದು ನಿಮಗೆ ನೆನಪಿರಬಹುದು. "ಇಲ್ಲಿ ಆಗಲ್ಲ, ಕರೆದುಕೊಂಡು ಹೋಗಿ" ಅನ್ನುವ ಮಾತನ್ನು ಡಾಕ್ಟರ್ ಹೇಳಿ ಹೋಗುತ್ತಾರೆ. ಆಂಬುಲೆನ್ಸ್ ಬರುವ ತನಕ ಎದುರಿಗೆ ನಿಲ್ಲುವವರು ನೀವು. ಆ ಸಿಟ್ಟು ಇಡೀ ವ್ಯವಸ್ಥೆಯ ಮೇಲಿನದು, ಬಂದು ಬೀಳುವುದು ನಿಮ್ಮ ಮೇಲೆ.

ನನಗೆ ಕೆಲಸಕ್ಕೆ ಬಂದದ್ದು ಇಷ್ಟು. ಅವರು ಕೇಳುವ ಮೊದಲೇ ಅರ್ಧ ಗಂಟೆಗೊಮ್ಮೆ ಹೋಗಿ ಏನು ನಡೆಯುತ್ತಿದೆ ಎಂದು ಹೇಳಿ, ಹೇಳಲು ಹೊಸದೇನೂ ಇಲ್ಲದಿದ್ದರೂ. ಹತ್ತು ಜನರಿಗೆ ಹೇಳಬೇಡಿ. "ನಿಮ್ಮಲ್ಲಿ ಯಾರ ಹತ್ತಿರ ಮಾತಾಡಲಿ?" ಎಂದು ಕೇಳಿ, ಅವರೊಬ್ಬರಿಗೇ ಹೇಳಿ. ಕೊಂಕಣಿ ಮನೆಮಾತಿನವರು ಬಂದರೆ ಕೊಂಕಣಿಯಲ್ಲಿ ನಾಲ್ಕು ಮಾತಾಡಿ. ಬಾರದಿದ್ದರೆ ಬರುವವರನ್ನು ಕರೆಯಿರಿ. ಅರ್ಧ ಗಲಾಟೆ ಅಲ್ಲೇ ಇಳಿಯುತ್ತದೆ.

ಕೈ ಎತ್ತಿದರೆ ಮಾತ್ರ ಸುಮ್ನೆ ಇರಬೇಡಿ. ಮೊದಲು ಅಲ್ಲಿಂದ ಹೊರಗೆ ಬನ್ನಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ನರ್ಸುಗಳು, ನರ್ಸಿಂಗ್ ವಿದ್ಯಾರ್ಥಿಗಳು ಎಲ್ಲರೂ ಅದರಲ್ಲಿ ಬರುತ್ತಾರೆ. ಅವರ ಮೇಲೆ ಕೈ ಮಾಡುವುದು ಜಾಮೀನುರಹಿತ ಅಪರಾಧ. ಆ ದಿನವೇ ಬರೆದು ಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ.

ಡಾಕ್ಟರ್, ಇನ್‌ಚಾರ್ಜ್ ಎಲ್ಲರ ಮುಂದೆ ಹೀಯಾಳಿಸ್ತಾರೆ. ತಿರುಗಿ ಮಾತಾಡಿದರೆ ಇನ್ನೂ ಜಾಸ್ತಿ.

ಆ ಹೊತ್ತಿಗೆ ಒಂದೇ ವಾಕ್ಯ ಸಾಕು. "ಸರ್, ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ, ರೋಗಿಯ ಮುಂದೆ ಬೇಡ." ದನಿ ಏರಿಸದೆ, ಕಣ್ಣು ನೋಡಿ ಹೇಳಿ. ಮೊದಲ ಸಲ ಗಂಟಲು ಒಣಗುತ್ತದೆ. ಆದರೂ ಹೇಳಿ. ಮತ್ತೆ ಮತ್ತೆ ಆಗುತ್ತಿದ್ದರೆ ದಿನ, ಹೊತ್ತು, ಆಡಿದ ಮಾತು, ಅಲ್ಲಿದ್ದವರು ಯಾರು ಎಂದು ಬರೆದಿಡಿ. ನೆನಪಿನಿಂದ ಹೇಳಿದ ದೂರಿಗೆ ಕಚೇರಿಯಲ್ಲಿ ಬೆಲೆ ಕಡಿಮೆ.

ಮೈ ಮುಟ್ಟುವುದು, ಕೊಳಕು ಮಾತು, ರಾತ್ರಿ ಮೆಸೇಜು ಇವು ಹೀಯಾಳಿಕೆಯ ಲೆಕ್ಕಕ್ಕೆ ಬರುವುದಿಲ್ಲ, ಅದು ಲೈಂಗಿಕ ಕಿರುಕುಳ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ಇರುವ ಪ್ರತಿ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಕ್ಲಿನಿಕ್ ಆದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳ ಒಳಗೆ ಕೊಡಿ.

ಎಲ್ಲಿ ತಪ್ಪಾಗುತ್ತೋ ಅನ್ನೋ ಹೆದರಿಕೆಯಲ್ಲೇ ದಿನ ಹೋಗುತ್ತೆ.

ಸ್ವಲ್ಪ ಹೆದರಿಕೆ ಇರಬೇಕು. ಮನೆಗೆ ಬಂದ ಮೇಲೂ "ಏಳನೇ ಬೆಡ್ಡಿಗೆ ಕೊಟ್ಟೆನಾ ಇಲ್ವಾ" ಎಂದು ಕಾಡಿದರೆ ಹ್ಯಾಂಡ್‌ಓವರ್ ಸರಿಯಾಗಿಲ್ಲ ಎಂದರ್ಥ. ಬಾಯಲ್ಲಿ ಹೇಳಿ ಓಡಬೇಡಿ. ಬೆಡ್ಡಿನ ಪಕ್ಕ ನಿಂತು, ಚಾರ್ಟ್ ತೋರಿಸಿ, ಬಾಕಿ ಇರುವುದನ್ನು ಓದಿ ಹೇಳಿ ಬನ್ನಿ. ಹತ್ತು ನಿಮಿಷ ತಡವಾದರೂ ಆ ರಾತ್ರಿ ನಿದ್ದೆ ಬರುತ್ತದೆ.

ರೋಗಿಗೆ ಬಳಸಿದ ಸೂಜಿ ನಿಮ್ಮ ಕೈಗೆ ಚುಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಕೂಡಲೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯ ಒಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಬಾರದು. ಬೈಯುತ್ತಾರೆ ಎಂದು ಮುಚ್ಚಿಟ್ಟು ತಿಂಗಳುಗಟ್ಟಲೆ ಒಳಗೇ ಬೇಯುವ ಹುಡುಗಿಯರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನೋಡಿಕೊಂಡ ರೋಗಿ ಸತ್ತರೆ ದಿನಗಟ್ಟಲೆ ತಲೆಯಿಂದ ಹೋಗಲ್ಲ.

ಹೋಗಬೇಕು ಎಂದೂ ಇಲ್ಲ. ಮಂಗನ ಕಾಯಿಲೆಯ ಕಾಲದಲ್ಲಿ ಸಿದ್ದಾಪುರದ ಕಡೆಯ ತೋಟದಿಂದ ಬಂದ, ವಾರ ಪೂರ್ತಿ ಮೈ ಒರೆಸಿದ ರೋಗಿ ಹೋಗಿಬಿಟ್ಟರೆ ನೋವಾಗದೆ ಇರುತ್ತದಾ? ಕಷ್ಟ ಇರುವುದು ಆ ನೋವಿಗೆ ಹೊತ್ತೇ ಸಿಗದೆ ಇರುವುದರಲ್ಲಿ. ಅರ್ಧ ಗಂಟೆಯಲ್ಲಿ ಅದೇ ಬೆಡ್ಡಿಗೆ ಹೊಸ ಅಡ್ಮಿಷನ್ ಬರುತ್ತದೆ. ವಾರ್ಡಿನಲ್ಲಿ ಯಾರಾದರೂ "ನೀನು ಹತ್ತು ನಿಮಿಷ ಹೊರಗೆ ಹೋಗಿ ಬಾ, ನಾನು ನೋಡ್ಕೋತೀನಿ" ಅನ್ನಬೇಕು. ನಿಮಗೆ ಯಾರೂ ಹೇಳದಿದ್ದರೂ ನೀವು ಮುಂದಿನವರಿಗೆ ಹೇಳಿ. ವಾರಗಳು ಕಳೆದರೂ ಅದೇ ದೃಶ್ಯ ಕಣ್ಣಿಗೆ ಬರುತ್ತಿದ್ದರೆ, ಆ ವಾರ್ಡಿಗೆ ಕಾಲಿಡಲು ಆಗದಿದ್ದರೆ ಆಪ್ತಸಮಾಲೋಚಕರ ಹತ್ತಿರ ಹೋಗಿ.

ಮನೆಯಲ್ಲೂ ವಿಶ್ರಾಂತಿ ಇಲ್ಲ. ಯಾರಿಗೆ ಹೇಳೋದು?

ಘಟ್ಟದ ಮೇಲೆ ಅಡಿಕೆ ಸುಲಿಯುವ ಕಾಲ ಬಂದರೆ ಡ್ಯೂಟಿ ಮುಗಿಸಿ ಬಂದ ಸೊಸೆಯೂ ಮೆಟ್ಟುಗತ್ತಿಯ ಮುಂದೆ ಕೂರಬೇಕು. ಕೆಳಗೆ ಮೀನು ತೊಳೆಯಬೇಕು, ನೀರು ಸೇದಬೇಕು. ಜೋರು ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ, ತಾಯಿ ನರ್ಸ್ ಆದರೆ ಆ ಬೆಳಿಗ್ಗೆ ಮಗುವನ್ನು ಎಲ್ಲಿ ಬಿಡುವುದು? ಇದಕ್ಕೆ ಪುಸ್ತಕದ ಉಪಾಯ ಏನೂ ಇಲ್ಲ. ಡ್ಯೂಟಿ ಚಾರ್ಟಿನ ಒಂದು ಪ್ರತಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. "ಅತ್ತೆ, ಈ ನಾಲ್ಕು ದಿನ ನಾನು ಬೆಳಿಗ್ಗೆ ಮಲಗಬೇಕು" ಎಂದು ಜಗಳಕ್ಕೆ ಮೊದಲೇ ಹೇಳಿ. ಗಂಡನಿಗೆ ನೆರವಾಗು ಎಂದು ಕೇಳುವುದಕ್ಕಿಂತ ಇಂಥ ಕೆಲಸ ಇಡೀ ನಿನ್ನದು ಎಂದು ಒಪ್ಪಿಸಿಬಿಡಿ. ಆಫ್ ದಿನ ವಾರ್ಡಿನ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿ. ಜೀವ ಹೋಗುವ ವಿಷಯಕ್ಕೆ ಫೋನೇ ಬರುತ್ತದೆ.

ಬ್ರದರ್‌ಗಳದ್ದು ಇನ್ನೊಂದು ಕಷ್ಟ. "ಗಂಡಸಾಗಿ ನರ್ಸಾ" ಅನ್ನುವ ಮಾತು ಕೇಳಿ ಕೇಳಿ ಮನೆಯಲ್ಲಿ ಏನೂ ಹೇಳಿಕೊಳ್ಳುವುದೇ ಇಲ್ಲ, ಸಂಜೆ ಬಾಟಲಿ ಹಿಡಿಯುತ್ತಾರೆ. ಕುಡಿತ ನಿದ್ದೆಯನ್ನು ಇನ್ನೂ ಕೆಡಿಸುತ್ತದೆ. 14416 ಅವರಿಗೂ ಇದೆ.

ಇಷ್ಟು ದುಡಿದರೂ ಸಂಬಳ ಇಷ್ಟೇ. ಅದರಿಂದಲೇ ಬೇಸರ ಜಾಸ್ತಿ.

ನಿಮ್ಮ ಬೇಸರಕ್ಕೆ ಆಧಾರ ಇದೆ. ಖಾಸಗಿ ಆಸ್ಪತ್ರೆಯ ನರ್ಸುಗಳ ಸಂಬಳದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೇಂದ್ರ ಸರ್ಕಾರ ಸಮಿತಿ ಮಾಡಿತು. ಐವತ್ತು ಬೆಡ್ಡಿಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಬೆಡ್ ದಾಟಿದರೆ ರಾಜ್ಯ ಸರ್ಕಾರದ ನರ್ಸುಗಳಷ್ಟೇ ಕೊಡಬೇಕು ಎಂದು ಅದು ಶಿಫಾರಸು ಮಾಡಿತು. ಶಿಫಾರಸು ಆದ್ದರಿಂದ ಎಷ್ಟೋ ಕಡೆ ಜಾರಿಗೆ ಬಂದಿಲ್ಲ. ಆದರೂ ಸಂಬಳದ ಮಾತು ಬಂದಾಗ ಈ ಅಂಕಿ ನಿಮ್ಮ ಬಾಯಲ್ಲಿರಲಿ. ಪಿಎಫ್, ಇಎಸ್‌ಐ ಕಟ್ಟುತ್ತಿದ್ದಾರಾ ನೋಡಿಕೊಳ್ಳಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ನಿಮ್ಮ ಹಕ್ಕು.

ಸರಿ, ಕೆಲಸ ಬಿಟ್ಟುಬಿಡಲಾ?

ನೈಟ್ ಮುಗಿಸಿದ ಬೆಳಿಗ್ಗೆ ಈ ಪ್ರಶ್ನೆಗೆ ಉತ್ತರ ಹುಡುಕಬೇಡಿ. ಬೈಸಿಕೊಂಡ ದಿನವೂ ಬೇಡ. ನಿದ್ದೆ ಸರಿಯಾಗಿ ಆಗಲಿ, ವಾರ್ಡ್ ಬದಲಾವಣೆ ಕೇಳಿ ನೋಡಿ, ನೋಟ್‌ಬುಕ್ ಓದಿ. ಆಮೇಲೂ ಅದೇ ಉತ್ತರ ಬಂದರೆ ಬಿಡಿ. ಬಿಟ್ಟವರು ಸೋತವರಲ್ಲ. ಡಿಪ್ರೆಶನ್ ಇದೆ ಎಂದು ಡಾಕ್ಟರ್ ಹೇಳಿದ್ದರೆ ಮೊದಲು ರಜೆ ಹಾಕಿ ಚಿಕಿತ್ಸೆ ತಗೊಳ್ಳಿ, ತೀರ್ಮಾನ ಆಮೇಲೆ. ಆ ಸ್ಥಿತಿಯಲ್ಲಿ ಯಾವ ಕೆಲಸವೂ ಚೆನ್ನಾಗಿ ಕಾಣುವುದಿಲ್ಲ.

ಬಿಡುವ ಮೊದಲು ಮೂರು ತಿಂಗಳ ಖರ್ಚು ಕೈಯಲ್ಲಿರಲಿ. ಓದಿಗೆ ಮಾಡಿದ ಸಾಲದ ಕಂತು ಲೆಕ್ಕ ಹಾಕಿ. ನೋಟಿಸ್ ಅವಧಿ ಮುಗಿಸಿ, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಮತ್ತು ರಿಲೀವಿಂಗ್ ಲೆಟರ್ ಕೈಗೆ ತಗೊಳ್ಳಿ. ಇವಿಲ್ಲದೆ ಮುಂದಿನ ಬಾಗಿಲು ಕಷ್ಟ. ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿ ಇಟ್ಟುಕೊಂಡು "ಬಾಂಡ್ ಮುಗಿಯಲಿ" ಅನ್ನುವವರಿದ್ದಾರೆ. ಈ ಪದ್ಧತಿಯನ್ನು ಭಾರತೀಯ ನರ್ಸಿಂಗ್ ಪರಿಷತ್ತು ಒಪ್ಪುವುದಿಲ್ಲ. ಬರೆದು ಕೇಳಿ, ಕೊಡದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ.

ನರ್ಸಿಂಗ್ ಓದಿ ಬೇರೆ ಏನು ಮಾಡಬಹುದು?

ರೋಗಿಯ ಹಾಸಿಗೆಯ ಪಕ್ಕ ನಿಲ್ಲುವುದೊಂದೇ ನರ್ಸಿಂಗ್ ಅಲ್ಲ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ಬಿ.ಎಸ್ಸಿ. ನರ್ಸಿಂಗ್ ಆದವರಿಗೆ ಇದೆ. ಗುತ್ತಿಗೆ ಕೆಲಸ, ಆದರೆ ನೈಟ್ ಇಲ್ಲ. ಬಿಪಿ, ಶುಗರ್, ಬಾಣಂತಿ, ಮಕ್ಕಳು, ಮನೆ ಭೇಟಿ. ವಾರ್ಡ್ ಕಂಡರೆ ಆಗದ ಎಷ್ಟೋ ಜನ ಇಲ್ಲಿ ಅರಳಿದ್ದಾರೆ, ನನಗೆ ಬಹಳ ಇಷ್ಟದ ದಾರಿ ಇದು. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಬಹುದು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಳ್ಳಬಹುದು. ವಸತಿ ಶಾಲೆ, ಕಾರ್ಖಾನೆಗಳಿಗೂ ನರ್ಸ್ ಬೇಕು. ಆರೋಗ್ಯ ವಿಮೆಯ ಕ್ಲೇಮ್ ವಿಭಾಗ, ಮೆಡಿಕಲ್ ಕೋಡಿಂಗ್, ಆಸ್ಪತ್ರೆಯ ಗುಣಮಟ್ಟ ವಿಭಾಗ ಇವು ಬೆಂಗಳೂರು, ಹುಬ್ಬಳ್ಳಿ ಕಡೆ ಇವೆ.

ಬೇಸರ ಸಂಬಳ ಮತ್ತು ಭದ್ರತೆಯದ್ದೇ ಆದರೆ ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಗೂ ಏಮ್ಸ್‌ನ ನರ್ಸ್ ನೇಮಕಾತಿಯ ನಾರ್ಸೆಟ್ ಪರೀಕ್ಷೆಗೂ ಓದಿ. ಜಿಎನ್‌ಎಂ ಆದವರಿಗೆ ನಾರ್ಸೆಟ್ ಬರೆಯಲು ಐವತ್ತು ಬೆಡ್ಡಿನ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಅಲ್ಲಿಯ ತನಕ ಈಗಿನ ಕೆಲಸವೇ ಆ ಅನುಭವ ಎಂದುಕೊಂಡರೆ ದಿನ ದೂಡುವುದು ಸುಲಭ.

ವಿದೇಶಕ್ಕೆ ಹೋದರೆ ಸರಿ ಹೋಗುತ್ತಾ?

ಸಂಬಳ ಸರಿ ಹೋಗುತ್ತದೆ. ಅಲ್ಲೂ ಮಾಡುವುದು ವಾರ್ಡಿನ ಕೆಲಸವೇ, ಜೊತೆಗೆ ಅಮ್ಮ ಅಪ್ಪ ದೂರ. ವಾರ್ಡಿನ ಕೆಲಸವೇ ಆಗದವರು ಜರ್ಮನ್ ಭಾಷೆಗೋ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಗೋ ದುಡ್ಡು ಸುರಿಯುವ ಮೊದಲು ಯೋಚಿಸಿ. ಜನರಿಂದ, ಸಂಬಳದಿಂದ ಬೇಸತ್ತವರು ಧೈರ್ಯವಾಗಿ ಹೋಗಿ. ಏಜೆಂಟರಿಗೆ ಸರ್ಕಾರದ ನೋಂದಣಿ ಇದೆಯಾ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡದೆ ದುಡ್ಡು ಕೊಡಬೇಡಿ.

ನಾನು ಇನ್ನೂ ಓದ್ತಾ ಇದ್ದೀನಿ, ಮೂರನೇ ವರ್ಷ. ಈಗಲೇ ಬೇಡ ಅನ್ನಿಸ್ತಿದೆ.

ಮೂರನೇ ವರ್ಷ ಬಂದಾಗಿದ್ದರೆ ಮುಗಿಸಿ, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯನ್ನೂ ಮಾಡಿಸಿ. ಮೇಲೆ ಹೇಳಿದ ಹುದ್ದೆಗಳಲ್ಲಿ ಬಹುಪಾಲು ಆ ನೋಂದಣಿ ಕೇಳುತ್ತವೆ. ಮೊದಲ ವರ್ಷದ ಮೊದಲ ತಿಂಗಳುಗಳಲ್ಲೇ ಹೀಗನ್ನಿಸಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು, ಆಗಲೇ ಮನೆಯಲ್ಲಿ ಕೂತು ಮಾತಾಡಿ ಎನ್ನುತ್ತಿದ್ದೆ. ಈಗ ನಿಮ್ಮ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಹತ್ತಿರ ನಿಜ ಹೇಳಿ. ಸಮುದಾಯ ಆರೋಗ್ಯದ ಪೋಸ್ಟಿಂಗ್ ಬಂದಾಗ ಕಣ್ಣುಬಿಟ್ಟು ನೋಡಿ, ಮನೋರೋಗ ವಿಭಾಗದ ಪೋಸ್ಟಿಂಗನ್ನೂ ತಪ್ಪಿಸಬೇಡಿ. ನೋಟ್‌ಬುಕ್ ಈಗಲೇ ಶುರುಮಾಡಿ. ಅಪ್ಪನಿಗೆ ಹೇಳಲು ಹೆದರಿಕೆ ಅಂದರೆ ಮೊದಲು ಅಮ್ಮನಿಗೋ ಅಕ್ಕನಿಗೋ ಹೇಳಿ, ಪರೀಕ್ಷೆಯ ಹಿಂದಿನ ವಾರ ಮಾತ್ರ ಬೇಡ.